ಹಲ್ಲಿಲೆ ಕೇಳೋ ಗೌಡ್ರು

ಅಮರೇಗೌಡ್ರು ಇಂಜಿನ್ನಿನ ಸದ್ದನ್ನು ಹಲ್ಲಿನಿಂದ ಕೇಳುತ್ತಿದ್ದರು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಚಾಲೂ ಇದ್ದ ಇಂಜಿನ್ನಿಗೆ ಊರಿ, ಅದರ ಕಟ್ಟಿಗೆಯ ಹಿಡಿಯನ್ನು ಬಾಯಲ್ಲಿ ಕಚ್ಚಿ, ಕುಕ್ಕರುಗಾಲಲ್ಲಿ ಕೂತು ಕಣ್ಣು ಮುಚ್ಚಿಬಿಟ್ಟರೆ ಪಕ್ಕದಲ್ಲಿ ಮದುವೆಯ ಬ್ಯಾಂಡು ಹೋದರೂ ಅವರಿಗೆ ಗೊತ್ತಾಗುತ್ತಿರಲಿಲ್ಲ. ಬ್ಯಾಂಡು ಅವರಿಗೆ ಹ್ಯಾಂಗೂ ಗೊತ್ತಾಗುತ್ತಿರಲಿಲ್ಲ ಅನ್ನುವುದು ಬೇರೆ ಮಾತು; ನನಗೆ ಅವರ ಪರಿಚಯವಾಗುವ ಹೊತ್ತಿಗೆ ಕಿವಿಗಳು ಮುಕ್ಕಾಲು ಮುಚ್ಚಿದ್ದವು. ದೂರದಿಂದ ನೋಡಿದವರಿಗೆ, ಗಿರಿಜಾ ಮೀಸೆಯ ಗಂಡಸೊಬ್ಬ ಫಟಫಟಿ ಮೋಟರ್‌ಸೈಕಲ್ಲಿನ ಹೊಟ್ಟೆಗೆ ಮುತ್ತು ಕೊಡುತ್ತಿದ್ದಂತೆ ಕಾಣುತ್ತಿತ್ತು. ನಾನು ಮಸ್ಕಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಅದನ್ನು ಮಾಡಿ ತೋರಿಸುತ್ತಿದ್ದೆ. ಚಮಚವೇ ಸ್ಕ್ರೂಡ್ರೈವರು, ಚಹಾದ ಕಿಟ್ಲಿಯೇ ಇಂಜಿನ್ನು. ಚಮಚ ಕಾದು ತುಟಿಗೆ ಬೊಬ್ಬೆ ಬಂದದ್ದೂ ಉಂಟು. ನಕಲಿ ಮಾಡುವವನಿಗೆ ಇಂಥ ಬಹುಮಾನಗಳು ಇದ್ದದ್ದೇ.

ನನ್ನ ಕಸುಬು ಮೈಕು. ಜೀಪಿನ ಮೇಲೆ ಎರಡು ಭೋಂಗಾ ಕಟ್ಟಿಕೊಂಡು, ಇಂದು ಸಂಜೆ ನಾಟಕ ಇದೆ, ಕರಿ ಮೇಕೆಯೊಂದು ಕಳೆದಿದೆ, ನಾಳೆ ಮುಂಜಾನೆ ನಳದಲ್ಲಿ ನೀರು ಬರುವುದಿಲ್ಲ, ಎಂದು ಊರು ತಿರುಗಿ ಕೂಗುವುದು. ಬಿಡುವಿದ್ದಾಗ ಕಂಡವರ ದನಿ ತೆಗೆಯುವುದು. ಹೆಡ್‌ಮಾಸ್ತರರ ಕೆಮ್ಮು, ಕಂಡಕ್ಟರನ ಮೂಗು, ನಮ್ಮ ಸೌಂಡ್ ಅಂಗಡಿ ಮಾಲಕನ ಬಿಕ್ಕಳಿಕೆ ಎಲ್ಲವೂ ನನ್ನ ಗಂಟಲಲ್ಲಿ ಬಿಡಾರ ಹೂಡಿದ್ದವು. ಅವರೆಲ್ಲರ ನಡುವೆ ನನ್ನ ಸ್ವಂತ ದನಿ ಯಾವುದೆಂದು ನನಗೇ ಗೊತ್ತಿರಲಿಲ್ಲ. ಒಡೆದ ಡಬ್ಬಿಯ ದನಿ ಎಂದು ನಮ್ಮವ್ವ ಹೇಳುತ್ತಾಳೆ. ಹೆತ್ತವಳು, ಸುಳ್ಳು ಹೇಳಲಾರಳು. ಗೌಡ್ರು ನನ್ನನ್ನು ಕರೆಯುತ್ತಿದ್ದುದು ‘ಮೈಕ್ಯಾ’ ಎಂದು. ಈರಣ್ಣ ಅನ್ನುವ ಹೆಸರು ನನಗಿದೆ ಎಂಬುದು ಅವರಿಗೆ ಕೊನೆಯವರೆಗೂ ತಿಳಿದಂತಿರಲಿಲ್ಲ.

ಗೌಡ್ರಿಗೆ ವಿನಯ ಅನ್ನುವುದು ಹುಟ್ಟಿನಿಂದಲೇ ಇರಲಿಲ್ಲ. ಸಿಂಧನೂರಿನ ಒಂದು ಅಕ್ಕಿ ಗಿರಣಿಯಲ್ಲಿ ಹರೆಯವನ್ನೆಲ್ಲ ಎಣ್ಣೆ ಇಂಜಿನ್ನಿನ ಮಗ್ಗುಲಲ್ಲಿ ಕಳೆದವರು. ಆ ಇಂಜಿನ್ನು ಒಂದು ಕೋಣೆಯಷ್ಟು ದೊಡ್ಡದು. ಅದು ಚಾಲೂ ಆದರೆ ಗೋಡೆಗೆ ತೂಗುಹಾಕಿದ ದೇವರ ಫೋಟೋಗಳು ಸಹ ತಲೆ ಅಲ್ಲಾಡಿಸುತ್ತಿದ್ದವಂತೆ. ಗೌಡ್ರ ಜಂಬವೆಲ್ಲ ಕಿವಿಯ ಮೇಲೆ. “ಕಣ್ಣು ಮೋಸ ಮಾಡ್ತಾವ, ನಾಲಿಗಿ ಮೋಸ ಮಾಡ್ತೈತಿ. ಈ ಎರಡು ಕಿವಿ ಮಾತ್ರ ನನ್ನ ಖರೇ ಮಕ್ಕಳು” ಎಂದು ಎಡಗಿವಿಯ ಬಂಗಾರದ ಒಂಟಿಯನ್ನು ಚಿವುಟಿ ಹೇಳುತ್ತಿದ್ದರು. ಅವರಿಗೆ ಬೇರೆ ಮಕ್ಕಳಿರಲಿಲ್ಲ. ಕಿವಿ ಮಂದವಾಗತೊಡಗಿದಾಗ ಅವರು ಒಪ್ಪಲೇ ಇಲ್ಲ. “ಜನ ಈಗೀಗ ಮೆಲ್ಲಕ ಮಾತಾಡಾಕ ಕಲ್ತಾರ. ಅಂಜಬುರುಕರು” ಎಂದು ಊರಿನ ಮೇಲೆಯೇ ತಪ್ಪು ಹೊರಿಸಿದರು. ಅವರ ಹೆಂಡತಿ ನೀಲವ್ವ, ನಾಲಿಗೆಯಲ್ಲಿ ನನಗಿಂತಲೂ ಒಂದು ಕೈ ಮೇಲು. “ನಿಮ್ಮ ಖರೇ ಮಕ್ಕಳು ಈಗ ಅಪ್ಪನ ಮಾತು ಕೇಳವಲ್ಲವು” ಎಂದು ಅಂದಳು. ಗೌಡ್ರು “ಏನಂದಿ?” ಅಂದರು. ನೀಲವ್ವ ನಗುತ್ತಿದ್ದವಳು ನಗು ನಿಲ್ಲಿಸಿ ಒಳಗೆ ಹೋದಳು.

ಗಿರಣಿಯ ಕೆಲಸ ಬಿಡಿಸಿದ ಮೇಲೆ ಗಂಡ ಹೆಂಡತಿ ನೀಲವ್ವನ ತವರಾದ ಮಸ್ಕಿಗೆ ಬಂದು ನೆಲೆಸಿದರು. ಲಿಂಗಸುಗೂರಿಗೆ ಸಂತೆಯ ದಿನ ರಾಯಚೂರಿನಿಂದ ಕಿವಿ ಮೂಗಿನ ಡಾಕ್ಟರೊಬ್ಬರು ಬರುತ್ತಿದ್ದರು. ಅವರು ನೋಡಿ, ನರ ಸಾಯುತ್ತಿವೆ, ಔಷಧಿ ಇಲ್ಲ, ಇದ್ದಷ್ಟೂ ಹೋಗುತ್ತದೆ ಎಂದು ಚೀಟಿಯ ಮೇಲೆ ಬರೆಯದೆ ಬಾಯಿಂದಲೇ ಹೇಳಿದರು. ಗೌಡ್ರಿಗೆ ಅದು ಮಾತ್ರ ಸ್ಪಷ್ಟ ಕೇಳಿತು. ವಾಪಸು ಬರುವಾಗ ಬಸ್ಸಿನಲ್ಲಿ ನೀಲವ್ವನಿಗೆ ಹೇಳಿದರಂತೆ: “ಹೋಗೂದಾದ್ರ ಹೋಗ್ಲಿ. ಅದಕ್ಕೂ ಮೊದಲು ಒಂದು ಸದ್ದು ಕೇಳಬೇಕು ನಾ. ಒಂದೇ ಸದ್ದು.”

ಆ ಸದ್ದಿನ ಕಥೆ ದಢೇಸುಗೂರಿನದು. ಅವರು ಹುಟ್ಟಿದ ಊರು ಅದು. ಅಲ್ಲಿ ಕಾಲುವೆ ತೋಡುತ್ತಿದ್ದ ಕಾಲದಲ್ಲಿ ಓವರ್‌ಸೀರ್ ಒಬ್ಬರು ಮಿಲಿಟರಿಯಿಂದ ಹರಾಜಾಗಿ ಬಂದ ವಿಲಾಯತಿ ಫಟಫಟಿಯ ಮೇಲೆ ಕಾಲುವೆ ದಂಡೆಗುಂಟ ತಿರುಗುತ್ತಿದ್ದರು. ಊರ ಹುಡುಗರಿಗೆ ಆ ಇಂಜಿನ್ನು ಮಾತಾಡಿದಂತೆ ಕೇಳುತ್ತಿತ್ತು: ತಡಿ ಬಂದೆ, ತಡಿ ಬಂದೆ, ತಡಿ ಬಂದೆ. ಗಾಡಿಯ ಹೆಸರೇ ‘ತಡಿಬಂದೆ’ ಎಂದಾಯಿತು. ಒಂದು ಬೇಸಿಗೆಯಲ್ಲಿ ಅಮರೇಗೌಡ್ರ ಅಪ್ಪನಿಗೆ ವಾಂತಿ ಭೇದಿ ಹತ್ತಿ, ಗುಡಿಸಲಲ್ಲಿ ಕಣ್ಣು ಮೇಲೆ ಮಾಡಿ ಮಲಗಿದ. ಓವರ್‌ಸೀರ್ ಸಾಹೇಬರು ಫಟಫಟಿ ಹತ್ತಿ ಸಿಂಧನೂರಿಗೆ ಡಾಕ್ಟರನ್ನು ತರಲು ಹೋದರು. ಹುಡುಗ ಅಪ್ಪನ ತಲೆದೆಸೆಯಲ್ಲಿ ಕೂತು ಕಾಲುವೆ ಕಡೆಗೆ ಕಿವಿ ಇಟ್ಟುಕೊಂಡ. ಅವ್ವ ಅಳುತ್ತಿದ್ದಳು, ನೆರೆಯವರು ವಿಭೂತಿ ತಂದಿದ್ದರು. ಯಾರಿಗೂ ಏನೂ ಕೇಳಿಸುವ ಮೊದಲೇ ಹುಡುಗನಿಗೆ ಕೇಳಿಸಿತು.

“ಎಲ್ಲಾರಿಗಿಂತ ಮೊದಲು ನನಗ ಕೇಳ್ತಲೇ ಮೈಕ್ಯಾ” ಎಂದು ಗೌಡ್ರು ಈ ಕಥೆಯನ್ನು ಯಾವಾಗ ಹೇಳಿದರೂ ಇಲ್ಲಿ ನಿಲ್ಲುತ್ತಿದ್ದರು. “ಅಪ್ಪನ ಕಿವ್ಯಾಗ ಬಾಯಿ ಇಟ್ಟು ಹೇಳಿದೆ, ಅಪ್ಪಾ, ಬಂತು, ತಡಿ ಅನ್ನಾಕತ್ತೈತಿ, ತಡಿ. ಅಂವ ತಡದ.”

ಡಾಕ್ಟರು ಬಂದರು, ಅಪ್ಪ ಬದುಕಿದ, ಆಮೇಲೆ ಬಹಳ ವರ್ಷ ಬಾಳಿದ. ಕಾಲುವೆ ಮುಗಿದು ಓವರ್‌ಸೀರ್ ವರ್ಗವಾಗಿ ಹೋದರು. ಕೆಟ್ಟು ನಿಂತ ಫಟಫಟಿ ಅಲ್ಲೇ ಉಳಿಯಿತು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಗೌಡ್ರು ಅದನ್ನು ಹುಡುಕಿ ತಂದರು. ದಢೇಸುಗೂರಿನ ಒಂದು ಹಟ್ಟಿಯಲ್ಲಿ ಅದಕ್ಕೆ ಎಮ್ಮೆ ಕಟ್ಟುತ್ತಿದ್ದರಂತೆ. ಗೂಟದ ಕೆಲಸಕ್ಕೆ ಅಷ್ಟು ವರ್ಷ ನಿಂತ ವಿಲಾಯತಿ ಮಾಲು ಅದು. ಉಳಿದದ್ದು ಚಾಸಿ ಮತ್ತು ಸಗಣಿಯೊಳಗೆ ಹೂತಿದ್ದ ಇಂಜಿನ್ನು, ಅಷ್ಟೇ. ಮಿಕ್ಕದ್ದೆಲ್ಲ ಗೌಡ್ರ ಜೋಡಣೆ. ಪೆಟ್ರೋಲ್ ಟ್ಯಾಂಕಿ ಗಿರಣಿಯ ಹಳೆ ತಗಡನ್ನು ಬಡಿದು ಮಾಡಿದ್ದು. ಹ್ಯಾಂಡಲ್ ಬೋರಿಂಗಿನ ಪೈಪು ಬಗ್ಗಿಸಿದ್ದು. ಸೀಟು ಗುಜರಿಗೆ ಬಿದ್ದ ಬಸ್ಸಿನದು. ಅದರ ಬೆನ್ನಿಗೆ ‘ಅಂಗವಿಕಲರಿಗೆ’ ಎಂದು ಬರೆದದ್ದನ್ನು ಅಳಿಸಿರಲಿಲ್ಲ. ಮುಂದಿನ ದೀಪ ಟ್ರ್ಯಾಕ್ಟರಿನದು. ಅದು ಗಾಡಿಗಿಂತ ದೊಡ್ಡದಾಗಿ, ಹುಬ್ಬು ಹಾರಿಸಿದ ಮುಖದಂತೆ ಕಾಣುತ್ತಿತ್ತು. ಗೌಡ್ರು ಪ್ರತಿ ಸೋಮವಾರ ಲಿಂಗಪೂಜೆ ಮುಗಿಸಿ ಬಂದು, ತಮ್ಮ ಹಣೆಗೆ ಹಚ್ಚಿ ಉಳಿದ ವಿಭೂತಿಯನ್ನು ಆ ದೀಪಕ್ಕೂ ಮೂರು ಬೆರಳಲ್ಲಿ ಎಳೆಯುತ್ತಿದ್ದರು. “ನೋಡಪ್ಪಾ, ನನ್ನ ಸವತಿಗೆ ದೀಕ್ಷಾ ಆತು” ಎಂದು ನೀಲವ್ವ ನನಗೆ ಹೇಳುತ್ತಿದ್ದಳು.

ನಾನು ಈ ಕಥೆಯೊಳಗೆ ಹೊಕ್ಕದ್ದು ನನ್ನ ಎಂದಿನ ಬಾಗಿಲಿಂದ, ಅಂದರೆ ಕುಚೋದ್ಯದಿಂದ. ‘ತಡಿಬಂದೆ’ಯ ಕಥೆ ಚಹಾದಂಗಡಿಯಲ್ಲಿ ಕೇಳಿದ್ದೆ. ಒಂದು ಮಧ್ಯಾಹ್ನ ಗೌಡ್ರ ಶೆಡ್ಡಿನ ಹಿಂದೆ ಜೀಪು ನಿಲ್ಲಿಸಿ, ಮೈಕು ಬಾಯಿಗೆ ಹಿಡಿದು, ಎದೆಯೊಳಗಿಂದ ಶುರು ಮಾಡಿದೆ: ತಡಿ ಬಂದೆ, ತಡಿ ಬಂದೆ. ಮೊದಲು ಮೆಲ್ಲಗೆ, ಆಮೇಲೆ ಹತ್ತಿರ ಬರುತ್ತಿದೆ ಅನ್ನುವಂತೆ. ಗೌಡ್ರು ಗ್ರೀಸಿನ ಕೈಯಲ್ಲಿ, ಬರಿಗಾಲಲ್ಲಿ ಹೊರಗೆ ಓಡಿ ಬಂದರು. ಬಂದವರು ನನ್ನ ಕಡೆ ನೋಡಲೇ ಇಲ್ಲ. ಸಿಂಧನೂರಿನ ರಸ್ತೆಯನ್ನು ನೋಡುತ್ತ ನಿಂತರು. ಆ ಮುಖದಲ್ಲಿ ಎಳೆ ಹುಡುಗನೊಬ್ಬ ನಿಂತಿದ್ದ. ನಾನು ಮೈಕು ಕೆಳಗಿಳಿಸಿದೆ.

ಏಟು ಬೀಳುತ್ತದೆ ಎಂದು ನಾನು ತಲೆ ತಗ್ಗಿಸಿದೆ. ಅವರು ಬಂದು ನನ್ನ ಮುಂಗೈ ಹಿಡಿದರು.

“ಇನ್ನೊಮ್ಮೆ ಮಾಡಲೇ.”

ಮಾಡಿದೆ.

“ಹಂಗಲ್ಲ. ‘ತಡಿ’ ಗಂಟಲಿಲೆ ಅನ್ನು. ‘ಬಂದೆ’ ಅನ್ನೂವಾಗ ಹೊಕ್ಕಳದಿಂದ ಬರಬೇಕು. ಎಮ್ಮಿ ಉಸಿರು ಬಿಟ್ಟಂಗ.”

“ಗೌಡ್ರ, ನಾ ಮನುಷ್ಯಾ ಅದೀನ್ರಿ.”

“ಅದು ನಿನ್ನ ಹಣೆಬರಾ. ಮಾಡು.”

ಹೀಗೆ ನಾನು ಸದ್ದಿನ ಸ್ಯಾಂಪಲ್ ಆದೆ. ಬಟ್ಟೆ ಅಂಗಡಿಯವರು ತುಂಡು ಬಟ್ಟೆ ಇಟ್ಟುಕೊಂಡಿರುತ್ತಾರಲ್ಲ, ಹಾಗೆ. ಸಂಜೆ ಸಂಜೆ ಹೋಗಿ ಅವರ ಎದುರು ಎಮ್ಮೆಯ ಹಾಗೆ ಉಸಿರು ಬಿಡುವುದು, ಅವರು ಕಿವಿಗೆ ಅಂಗೈ ಹಚ್ಚಿ ತಿದ್ದುವುದು. ಕೊನೆಗೆ ಒಂದು ದಿನ “ಬರೋಬ್ಬರಿ ಆತು” ಅಂದರು. ಆಮೇಲೆ ಹೇಳಿದರು: “ಇನ್ನ ನನ್ನ ಕಿವಿ ಮುಚ್ಚಿದ್ರೂ ಚಿಂತಿಲ್ಲ. ಸದ್ದು ನಿನ್ನ ಗಂಟಲಾಗ ಐತಿ. ಗಾಡಿ ಚಾಲೂ ಆದಾಗ ನೀ ಕೇಳಿ ಹೇಳಬೇಕು, ಅದೇ ಸದ್ದು ಹೌದೋ ಅಲ್ಲೋ ಅಂತ. ಸುಳ್ಳು ಹೇಳಿದ್ರ ನಾಲಿಗಿ ಕಿತ್ತು ಪ್ಲಗ್ಗಿನ ಬದಲಿಗೆ ಹಾಕ್ತೀನಿ.”

ಗಾಡಿ ಮೊದಲ ಸಲ ಚಾಲೂ ಆದ ದಿನ ಓಣಿಯೆಲ್ಲ ಹೊಗೆ. ಗೌಡ್ರು ಕಿಕ್ ಹೊಡೆದು ಹೊಡೆದು ಬೆವರಿದ್ದರು. ಇಂಜಿನ್ನು ಕೆಮ್ಮಿತು, ಉಗುಳಿತು, ಆಮೇಲೆ ಹಿಡಿದುಕೊಂಡಿತು. ನಾನು ಕೇಳಿದೆ. ಗೌಡ್ರು ನನ್ನ ಬಾಯಿ ನೋಡುತ್ತಿದ್ದರು.

“ಬರೇ ತಡಿ, ತಡಿ, ತಡಿ ಅಂತೈತ್ರಿ” ಎಂದು ಅವರ ಕಿವಿಯ ಹತ್ತಿರ ಕೂಗಿದೆ. “ಬಂದೆ ಅನ್ನವಲ್ಲದು.”

“ಕೆಪ್ಪ ನೀನೋ ನಾನೋ?”

“ಇಬ್ಬರಾಗ ಒಬ್ಬರು ಅದೀವ್ರಿ.”

ಬೈಯಲಿಲ್ಲ. ಕೂತು ಸ್ಕ್ರೂಡ್ರೈವರು ಕಚ್ಚಿದರು. ಎದ್ದು ಮತ್ತೆ ಇಂಜಿನ್ ಬಿಚ್ಚಿದರು.

ಆಮೇಲಿನ ದಿನಗಳಲ್ಲಿ ಎರಡು ಕೆಲಸ ಜೊತೆಗೇ ನಡೆದವು. ಒಂದು ಕಡೆ ಇಂಜಿನ್ನು ಒಂದೊಂದೇ ಅಕ್ಷರ ಕಲಿಯುತ್ತಿತ್ತು. ಇನ್ನೊಂದು ಕಡೆ ಗೌಡ್ರ ಕಿವಿ ಒಂದೊಂದೇ ಅಕ್ಷರ ಮರೆಯುತ್ತಿತ್ತು. ಮೊದಲು ನಾನು ಅವರ ಕಿವಿಯ ಹತ್ತಿರ ಮಾತಾಡಿದರೆ ಸಾಕಾಗುತ್ತಿತ್ತು. ಆಮೇಲೆ ಕೂಗಬೇಕಾಯಿತು. ಆಮೇಲೆ ಜೀಪಿನ ಭೋಂಗಾವನ್ನೇ ಶೆಡ್ಡಿನೊಳಗೆ ತಂದು ಅವರ ಕಿವಿಗೆ ತಿರುಗಿಸಿ ‘ತಡಿ ಬಂದೆ’ ಅನ್ನತೊಡಗಿದೆ. ಓಣಿಯ ಕೂಸುಗಳು ಅವ್ವ ಅನ್ನುವ ಮೊದಲೇ ತಡಿಬಂದೆ ಅನ್ನಲು ಕಲಿತವು. “ಊರಿಗೆಲ್ಲಾ ಕೇಳ್ತು” ಎಂದು ನೀಲವ್ವ ರೊಟ್ಟಿ ಬಡಿಯುತ್ತ ಅಂದಳು. ರೊಟ್ಟಿ ಬಡಿಯುವ ಸದ್ದು ಜೋರಾಯಿತು. ಒಂದು ದಿನ ಭೋಂಗಾಕ್ಕೂ ಗೌಡ್ರು ತಲೆ ಅಲ್ಲಾಡಿಸಿದರು. ಮೈಕು ಕೆಟ್ಟಿದೆಯೇನೋ ಎಂದು ತಟ್ಟಿ ನೋಡಿದರು. ಹೊರಗೆ ನಾಯಿಗಳು ಕಿವಿ ನಿಮಿರಿಸಿಕೊಂಡು ಓಡಿದ್ದವು.

ಇಂಜಿನ್ನು ಪೂರಾ ಮಾತಾಡಿದ್ದು ಅದಾದ ಬಳಿಕ. ಮುಂಜಾನೆಯ ಬಿಸಿಲು ಶೆಡ್ಡಿನೊಳಗೆ ಬಂದಿತ್ತು. ಗೌಡ್ರು ಏನೋ ಒಂದು ಕೂದಲೆಳೆಯಷ್ಟು ತಿರುಗಿಸಿದರು. ತಡಿ ತಡಿ ಎನ್ನುತ್ತಿದ್ದದ್ದು ಒಮ್ಮೆ ತಡವರಿಸಿ, ಹೊಕ್ಕಳದಿಂದ ಉಸಿರು ಬಿಟ್ಟಿತು. ತಡಿ ಬಂದೆ. ತಡಿ ಬಂದೆ. ತಡಿ ಬಂದೆ. ನನ್ನ ಗಂಟಲಲ್ಲಿದ್ದ ಸದ್ದು ನನ್ನ ಎದುರಿಗೇ ನಿಂತು ಮಾತಾಡುತ್ತಿತ್ತು. ನಕಲಿಯವನಿಗೆ ಅಸಲಿ ಎದುರಾದರೆ ಆಗುವ ನಾಚಿಕೆ ನನಗಾಯಿತು. ನೀಲವ್ವ ಹಿಟ್ಟಿನ ಕೈಯಲ್ಲಿ ಬಂದು ಬಾಗಿಲಲ್ಲಿ ನಿಂತಳು. ಗೌಡ್ರು ಇಂಜಿನ್ನನ್ನು ನೋಡುತ್ತಿರಲಿಲ್ಲ. ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡುತ್ತಿದ್ದರು. ನಮ್ಮ ಮುಖದಿಂದಲೇ ಅವರಿಗೆ ಗೊತ್ತಾದದ್ದು.

“ಬಂತೇನು?”

ನಾನು ಹೌದೆಂದು ಗೋಣು ಹಾಕಿದೆ. ಅವರು ಸ್ಕ್ರೂಡ್ರೈವರು ಕಚ್ಚಿ ಕೂತರು. ಗಿರಿಜಾ ಮೀಸೆ ನಡುಗಿತು. ಬಾಯಲ್ಲಿ ಹಿಡಿ ಇದ್ದಂತೆಯೇ, ಜೊಲ್ಲು ಸುರಿಸುತ್ತ, ಓಣಿ ಹಾರಿಹೋಗುವಂತೆ ಕೂಗಿದರು: “ಹಲ್ಲಿಗೆ ಬಂತಲೇ! ಹಲ್ಲಿಗೆ ಬಂತು!”

ಮೊದಲ ಸವಾರಿ ಲಿಂಗಸುಗೂರಿನ ಸಂತೆಗೆ. ಗೌಡ್ರ ಕಿವಿಯಾಗಿ ಹಿಂದೆ ನಾನು. ‘ಅಂಗವಿಕಲರಿಗೆ’ ಎಂಬ ಬರಹ ನನ್ನ ಬೆನ್ನಿಗೆ ಸರಿಯಾಗಿ ಬರುತ್ತಿತ್ತು. ನಮ್ಮಿಬ್ಬರ ನಡುವೆ ಒಂದು ಭಾಷೆ ಗೊತ್ತು ಮಾಡಿಕೊಂಡಿದ್ದೆವು: ಬಲಭುಜ ತಟ್ಟಿದರೆ ಹಿಂದಿನ ಗಾಡಿಗೆ ದಾರಿ ಕೊಡಬೇಕು, ಎಡಭುಜ ತಟ್ಟಿದರೆ ಮೆಲ್ಲಗೆ ಹೋಗಬೇಕು, ಎರಡೂ ಭುಜ ಹಿಡಿದರೆ ಗಾಡಿ ನಿಲ್ಲಿಸಬೇಕು. ಚೆಂದದ ಭಾಷೆ. ಆದರೆ ರಸ್ತೆಯ ಗುಂಡಿಯಲ್ಲಿ ಗಾಡಿ ಹಾರಿದಾಗ ಮನುಷ್ಯ ಸಹಜವಾಗಿ ಮುಂದಿನವನ ಎರಡೂ ಭುಜ ಹಿಡಿಯುತ್ತಾನೆ ಅನ್ನುವುದು ನಮಗೆ ಹೊಳೆದಿರಲಿಲ್ಲ. ನಾನು ಹಿಡಿದೆ, ಗೌಡ್ರು ನಡುರಸ್ತೆಯಲ್ಲಿ ಗಕ್ಕನೆ ನಿಲ್ಲಿಸಿದರು. ಹಿಂದಿದ್ದ ಬಸ್ಸು ನಮ್ಮ ಸೀಟನ್ನು ತನ್ನ ಸೀಟಿನ ಜೊತೆ ಸೇರಿಸಿಕೊಳ್ಳುವಷ್ಟು ಹತ್ತಿರ ಬಂದು ನಿಂತಿತು. ಡ್ರೈವರ್ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ ಬಾಯಿ ತುಂಬ ಬೈದ. ಗೌಡ್ರು ತಿರುಗಿ ನೋಡಿ, ಎದೆಗೆ ಕೈ ಇಟ್ಟು ಅವನಿಗೆ ನಮಸ್ಕಾರ ಮಾಡಿದರು.

“ಗಾಡಿ ಚಲೋ ಐತಿ ಅಂದನಲ್ಲ?”

ನಾನು ಅವರ ಮುಖದ ಮುಂದೆ ಬಾಯಿ ಅಗಲಿಸಿ ಹೇಳಿದೆ: “ಹೌದ್ರಿ. ನಿಮ್ಮ ಮನೀ ಮಂದಿನ್ನೆಲ್ಲಾ ಹೆಸರು ಹಿಡಿದು ಕೇಳಿದ.”

ತುಟಿ ಓದಲು ಅವರು ಆಗಲೇ ಕಲಿತಿದ್ದರು. ನಕ್ಕರು. ಆ ದಾರಿಯಲ್ಲಿ ಅವರು ನಕ್ಕದ್ದು ಅದೊಂದೇ ಸಲ ಎಂದು ನನ್ನ ನೆನಪು. ಯಾಕೆಂದರೆ ಗಾಡಿ ಓಡಿಸುವಾಗ ಸ್ಕ್ರೂಡ್ರೈವರು ಕಚ್ಚಲು ಬರುವುದಿಲ್ಲ. ಎಲ್ಲಿಯೋ ಒಂದು ಬೇವಿನ ಮರ ಕಂಡರೆ ನಿಲ್ಲಿಸುವರು, ಇಳಿದು ಕಚ್ಚುವರು, ಕಣ್ಣು ಮುಚ್ಚಿ ಕೇಳುವರು, ಮತ್ತೆ ಹತ್ತುವರು. ಹತ್ತಿದ ಕೂಡಲೇ ಮುಖದ ದೀಪ ಆರುತ್ತಿತ್ತು. ಸಂತೆಯ ಮಂದಿಯೆಲ್ಲ ಕೇಳಿ ಖುಷಿಪಟ್ಟ ಸದ್ದಿನ ಮೇಲೆ, ಅದನ್ನು ಹುಟ್ಟಿಸಿದವರು ಮಾತ್ರ ಸುಮ್ಮನೆ ಕೂತು ಹೋಗುತ್ತಿದ್ದರು.

ಎರಡನೆಯ ಸವಾರಿ ದಢೇಸುಗೂರಿಗೆ. ಅದಕ್ಕಾಗಿಯೇ ಗಾಡಿ ಕಟ್ಟಿದ್ದು. ಕಾಲುವೆಗೆ ನೀರು ಬಿಟ್ಟಿದ್ದರು, ಗದ್ದೆಯಲ್ಲಿ ಹೆಣ್ಣುಮಕ್ಕಳು ಸಾಲಾಗಿ ಬಗ್ಗಿ ಭತ್ತದ ಸಸಿ ಹಚ್ಚುತ್ತಿದ್ದರು. ನಾವು ದಂಡೆಗುಂಟ ಬಂದ ಕೂಡಲೇ ಅವರೊಳಗಿನ ಮುದುಕಿಯೊಬ್ಬಳು ಸೊಂಟಕ್ಕೆ ಕೈ ಕೊಟ್ಟು ನೆಟ್ಟಗಾದಳು. ಗೌಡ್ರ ಬಾಲ್ಯದ ನೆರೆಮನೆಯ ಹುಲಿಗೆವ್ವ ಆಕೆ.

“ಯವ್ವಾ, ಇದು ಓವರ್‌ಸೀರನ ಗಾಡಿ! ತಡಿಬಂದೆ! ತಡಿಬಂದೆ ಬಂತಲ್ಲಬೇ!”

ಕೆಸರಿನ ಕೈಗಳೆಲ್ಲ ಮೇಲೆದ್ದವು. ಗೌಡ್ರು ಗಾಡಿ ನಿಲ್ಲಿಸಿ ನನ್ನ ಕಡೆ ತಿರುಗಿದರು. “ಏನಂದ್ಲು?”

“ಗುರುತು ಹಿಡಿದ್ಲು ರೀ. ಗಾಡೀನ. ಸದ್ದಿಲೆ.”

ಅವರು ಹುಲಿಗೆವ್ವನನ್ನು ದಿಟ್ಟಿಸಿ ನೋಡಿದರು. ಆ ನೋಟದಲ್ಲಿ ಸಂತೋಷ ಇರಲಿಲ್ಲ. ಹೊಟ್ಟೆಕಿಚ್ಚಿತ್ತು. ತಮ್ಮ ಸ್ವತ್ತನ್ನು ಬೇರೆಯವರ ಮೈಮೇಲೆ ಕಂಡಂಥ ನೋಟ.

ಗಾಡಿಯಿಂದಿಳಿದು ದಂಡೆಯ ಕೆಳಗೆ ಒಂದು ಜಾಲಿಯ ಗಿಡದ ಬುಡಕ್ಕೆ ಹೋದರು. ಅವರ ಗುಡಿಸಲು ಇದ್ದ ಜಾಗ. “ನೀ ತೂಬಿನ ತನಕ ಹೋಗಿ, ಅಲ್ಲಿಂದ ಹೊಳ್ಳಿ ಬಾ” ಅಂದರು. ನನಗೆ ಗಾಡಿ ಅಷ್ಟಕ್ಕಷ್ಟೇ. ಬೀಳದೆ ಹೋದದ್ದೇ ದೊಡ್ಡದು. ನೀರು ಬಿಡುವ ತೂಬಿನ ಹತ್ತಿರ ತಿರುಗಿಸಿ ನೋಡಿದೆ. ದೂರದಲ್ಲಿ ಗೌಡ್ರು ಕಾಲುವೆಗೆ ಬೆನ್ನು ಮಾಡಿ ಕೂತಿದ್ದರು. ಪಕ್ಕದಲ್ಲಿ ಯಾರೋ ಮಲಗಿದ್ದಾರೆ ಅನ್ನುವ ಹಾಗೆ ಒಂದು ಅಂಗೈ ನೆಲದ ಮೇಲಿತ್ತು.

ಹೊರಟೆ. ಬಯಲು, ನೀರು, ಗಾಳಿ ಇಲ್ಲದ ಹೊತ್ತು. ತಡಿ ಬಂದೆ, ತಡಿ ಬಂದೆ ಅನ್ನುವುದು ಗದ್ದೆಗಳ ಮೇಲೆ ಹಾಯ್ದು ಹೋಗುತ್ತಿತ್ತು. ಅಷ್ಟು ದೂರದಲ್ಲಿದ್ದ ಕೊಕ್ಕರೆಗಳು ಎದ್ದವು. ಹೆಣ್ಣುಮಕ್ಕಳು ಸಸಿ ಹಚ್ಚುವುದು ಬಿಟ್ಟು ನಿಂತರು. ಗೌಡ್ರು ಅಲುಗಲಿಲ್ಲ. ಹತ್ತಿರ ಬಂದೆ, ಅಲುಗಲಿಲ್ಲ. ಅವರ ಬೆನ್ನ ಹಿಂದೆಯೇ ನಿಲ್ಲಿಸಿ, ಗಾಡಿ ಚಾಲೂ ಇಟ್ಟೇ ಇಳಿದು ಹೋಗಿ ಭುಜ ಮುಟ್ಟಿದೆ.

ಕಣ್ಣು ತೆರೆದು ನನ್ನನ್ನು ನೋಡಿ, ಗಾಡಿಯನ್ನು ನೋಡಿ, ಕೇಳಿದರು: “ಯಾವಾಗ ಬಂದಿ?”

ಯಾರ ದನಿಯಲ್ಲಿ ಉತ್ತರ ಕೊಡಬೇಕೋ ನನಗೆ ತಿಳಿಯಲಿಲ್ಲ. ನನ್ನ ಗಂಟಲಲ್ಲಿ ಬಿಡಾರ ಹೂಡಿದ್ದವರೆಲ್ಲ ಆ ಹೊತ್ತಿಗೆ ಊರು ಬಿಟ್ಟು ಹೋಗಿದ್ದರು.

ವಾಪಸು ಬರುವ ಮೊದಲು ಅವರೇ ಹೇಳಿದರು. ಕೂಗಿ ಹೇಳಲಿಲ್ಲ, ಕೆಪ್ಪರಾದ ಮೇಲೆ ಅವರು ಮೆಲ್ಲಗೆ ಮಾತಾಡಿದ್ದು ನಾನು ಕೇಳಿದ್ದು ಅದೇ ಮೊದಲು. “ಹಲ್ಲಿಲೆ ಕೇಳಾಕ ಗಾಡಿ ಮಗ್ಗಲಾಗ ಇರಬೇಕಾಕ್ಕೈತಿ ಮೈಕ್ಯಾ. ಬಂದು ಮುಟ್ಟಿದ ಮ್ಯಾಲೆ ಬಂದೆ ಅಂದ್ರೇನು, ಬಿಟ್ರೇನು. ದೂರದಿಂದ ಬರಾಕತ್ತೈತಿ ಅಂತ ಗೊತ್ತಾಗಬೇಕಿತ್ತು ನನಗ.”

ಅಲ್ಲಿಂದ ಮುಂದೆ ಗಾಡಿ ರಸ್ತೆಗೆ ಇಳಿದದ್ದು ಕಡಿಮೆ. ಶೆಡ್ಡಿನಲ್ಲೇ ಚಾಲೂ ಮಾಡಿ, ಕಚ್ಚಿ ಕೂರುವರು. ಹಲ್ಲಿಗೆ ಬರುವುದಾದರೂ ಇದೆಯಲ್ಲ ಎಂದು ನಾನೂ ನೀಲವ್ವನೂ ಸಮಾಧಾನ ಮಾಡಿಕೊಂಡೆವು. ಆದರೆ ಆ ಹಲ್ಲುಗಳಿಗೆ ತಂಬಾಕಿನ ಗೆಳೆತನ ಹಳೆಯದು. ವಸಡು ಕೀವುಗಟ್ಟಿ, ಒಂದೊಂದೇ ಅಲ್ಲಾಡತೊಡಗಿದವು. ಮುಖ ಬಾತು ಜ್ವರ ಬಂದಾಗ ಸಿಂಧನೂರಿನ ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಡಾಕ್ಟರು ತರುಣ, ಒಳ್ಳೆಯವರು. ಎಲ್ಲಾ ತೆಗೆಯಬೇಕು, ಇಲ್ಲವಾದರೆ ನಂಜು ಮೈಗೆಲ್ಲ ಏರುತ್ತದೆ ಎಂದರು. ನಾನು ಬಾಯಿ ಅಗಲಿಸಿ, ಕೈ ಆಡಿಸಿ ತಿಳಿಸಿದೆ.

ಗೌಡ್ರು ಡಾಕ್ಟರ ಕೈ ಹಿಡಿದುಕೊಂಡರು. ವಿನಯ ಅನ್ನುವುದು ಹುಟ್ಟಿನಿಂದಲೇ ಇರದಿದ್ದ ಮನುಷ್ಯ.

“ಒಂದು ಬಿಡ್ರಿ ಸಾಹೇಬ್ರ. ಮುಂದಿಂದು ಒಂದು.”

“ಒಂದು ಹಲ್ಲಿಲೆ ಏನ್ ತಿಂತೀರಿ ಗೌಡ್ರ?” ಎಂದು ಡಾಕ್ಟರು ನಕ್ಕರು.

ಅವರ ತುಟಿ ಓದಿ ಗೌಡ್ರು ಹೇಳಿದರು: “ತಿನ್ನಾಕಲ್ರಿ. ಕೇಳಾಕ.”

ಡಾಕ್ಟರು ನನ್ನ ಕಡೆ ನೋಡಿದರು. ನಾನು ಹೊರಗೆ ಬಂದು ನಿಂತೆ. ಒಂದು ಹಲ್ಲು ಬಿಟ್ಟರು. ಅದನ್ನು ಜೋಪಾನ ಮಾಡಿದಂತೆ ಗೌಡ್ರು ತಮ್ಮ ಗಾಡಿಯನ್ನೂ ಮಾಡಿರಲಿಲ್ಲ. ನೀಲವ್ವ ರೊಟ್ಟಿಯನ್ನು ಹಾಲಲ್ಲಿ ನೆನೆಸಿ ಕೊಡುತ್ತಿದ್ದಳು, ಆ ಹಲ್ಲಿಗೆ ಕೆಲಸ ಬೀಳಬಾರದೆಂದು.

ಆಮೇಲೆ ನಾನು ಸಿಂಧನೂರಿನಲ್ಲಿ ಒಂದು ದೊಡ್ಡ ಸೌಂಡ್ ಅಂಗಡಿಗೆ ಸೇರಿ ಅಲ್ಲೇ ಉಳಿದೆ. ಹಬ್ಬಕ್ಕೆ, ಮದುವೆಗೆ ಎಲ್ಲಾ ಕಡೆ ಮೈಕು ಹಿಡಿದು ತಿರುಗಿದೆ. ಗೌಡ್ರು ತೀರಿಕೊಂಡ ಸುದ್ದಿ ಬಳಗಾನೂರಿನಲ್ಲಿ ಭೋಂಗಾ ಕಟ್ಟುತ್ತಿದ್ದಾಗ ಮುಟ್ಟಿತು. ನಾನು ಹೋಗುವಷ್ಟರಲ್ಲಿ ಮಣ್ಣು ಕೊಟ್ಟು ಬಂದಿದ್ದರು. ‘ತಡಿಬಂದೆ’ ಈಗಲೂ ಅದೇ ಶೆಡ್ಡಿನಲ್ಲಿದೆ. ನೀಲವ್ವ ಅದಕ್ಕೆ ಎಮ್ಮೆ ಕಟ್ಟುತ್ತಾಳೆ. ಇದರಲ್ಲಿ ತಪ್ಪೇನೂ ಇಲ್ಲ, ಎಮ್ಮೆಯನ್ನು ಎಲ್ಲಾದರೂ ಕಟ್ಟಲೇಬೇಕಲ್ಲ.

ನಾನು ಅವರನ್ನು ಕೊನೆಗೆ ನೋಡಿದ್ದು ಅದಕ್ಕೂ ಮೊದಲು, ಜೋಳದ ರಾಶಿಯ ಕಾಲದಲ್ಲಿ. ಬಾಗಿಲಲ್ಲಿ ನೀಲವ್ವ ಸಿಕ್ಕಳು. “ಆ ಹಲ್ಲೂ ಬಿತ್ತಪ್ಪಾ” ಅಂದಳು. “ಈಗ ಮಾತೂ ಬಿಟ್ಟಾರ. ತಮ್ಮ ದನಿ ತಮಗ ಕೇಳೂದಿಲ್ಲಂತ. ಏನರ ಅಂದ್ರೂ ಹಳೇ ದನಿ ಇಲ್ಲ, ಯಾರೋ ಬ್ಯಾರೇದವರು ಮನ್ಯಾಗ ಮಾತಾಡಿದಂಗ ಆಕ್ಕೈತಿ.”

ಒಳಗೆ ಗೌಡ್ರು ಗೋಡೆಗೊರಗಿ ಕೂತಿದ್ದರು. ನನ್ನನ್ನು ಕಂಡು ಹುಬ್ಬು ಎತ್ತಿದರು, ಅಷ್ಟೇ. ಮೀಸೆ ಇಳಿಬಿದ್ದಿತ್ತು. ಬಾಯಿ ಒಳಗೆ ಹೋಗಿತ್ತು. ನೀಲವ್ವ ಒಲೆಯ ಕಡೆ ಮುಖ ಮಾಡಿ, ನನ್ನನ್ನು ನೋಡದೆ ಕೇಳಿದಳು: “ಒಮ್ಮೆ ಅವರ ದನಿ ತಗಿಯೋ ಮೈಕ್ಯಾ. ಮೊದಲಿಂದು.”

ಅವರ ಎದುರಿಗೇ ಅವರ ದನಿ ತೆಗೆಯುವುದು ನನಗೆ ಹೊಸದಲ್ಲ. ಎಷ್ಟು ಸಲ ತೆಗೆದು ಬೈಸಿಕೊಂಡಿದ್ದೆ. ಕೆಮ್ಮಿ, ನಾನು ಮೊದಲು ಕೇಳಿದ್ದ ಆ ಜಂಬದ ದನಿಯಲ್ಲಿ ಅಂದೆ: “ನೀಲಾ, ಚಾ ಇಡಽ. ಊರ ಮಂಗ್ಯಾ ಬಂದಾನ.”

ನೀಲವ್ವ ಸೆರಗಿನಿಂದ ಮುಖ ಒರೆಸಿಕೊಂಡು ಚಹಾಕ್ಕೆ ನೀರಿಟ್ಟಳು. ಗೌಡ್ರು ನಮ್ಮಿಬ್ಬರನ್ನೂ ನೋಡುತ್ತ ಕೂತಿದ್ದರು. ತಮ್ಮ ಮನೆಯಲ್ಲಿ ತಾವು ಈಗಷ್ಟೇ ಮಾತಾಡಿದ್ದು ಅವರಿಗೆ ಗೊತ್ತಿರಲಿಲ್ಲ.

ಚಹಾ ಕುಡಿದ ಮೇಲೆ ಅವರು ನನ್ನ ಕೈ ಹಿಡಿದು ಎದ್ದು, ಶೆಡ್ಡಿಗೆ ನಡೆದು, ಗಾಡಿಯ ಕಡೆ ಗದ್ದ ಎತ್ತಿದರು. ಚಾಲೂ ಮಾಡು ಅಂತ. ಕಿಕ್ ಹೊಡೆದೆ. ಅದು ಒಂದೇ ಏಟಿಗೆ ಹಿಡಿದುಕೊಂಡಿತು. ದೀಪಕ್ಕೆ ವಿಭೂತಿ ಹಚ್ಚಿ ಎಷ್ಟೋ ಸೋಮವಾರ ಆಗಿತ್ತು. ತಡಿ ಬಂದೆ, ತಡಿ ಬಂದೆ, ತಡಿ ಬಂದೆ. ಓಣಿಯ ಮಕ್ಕಳು ಓಡಿ ಬಂದು ಬಾಗಿಲಲ್ಲಿ ನಿಂತು ಅದರ ಜೊತೆಗೇ ಹಾಡತೊಡಗಿದವು.

ಗೌಡ್ರು ಕೂತರು. ಸ್ಕ್ರೂಡ್ರೈವರಿನ ಹಿಡಿಯನ್ನು ವಸಡುಗಳ ನಡುವೆ ಇಟ್ಟುಕೊಂಡರು. ಬಹಳ ಹೊತ್ತು ಕಣ್ಣು ಮುಚ್ಚಿದ್ದರು. ಆಮೇಲೆ ಹಿಡಿ ತೆಗೆದು, ಟ್ಯಾಂಕಿಯ ಮೇಲೆ ಕೈ ಇಟ್ಟರು. ಕೈ ನಡುಗುತ್ತಿತ್ತು. ಆ ಕೈಯನ್ನೇ ನೋಡುತ್ತ, ಯಾರದೋ ದನಿಯಲ್ಲಿ ಕೇಳಿದರು:

“ಚಾಲೂ ಐತೇನ್ಲೇ?”

ನಾನು ಹೌದೆಂದು ಗೋಣು ಹಾಕಿದೆ.

“ಕೈ ನಡಗಾಕತ್ತೈತೋ, ಗಾಡಿ ನಡಗಾಕತ್ತೈತೋ, ತಿಳಿಯವಲ್ಲದು.”

ನಾನು ಗಾಡಿಯನ್ನು ತೋರಿಸಿದೆ. ಬಾಯಿ ಅಗಲಿಸಿ, ಒಂದೊಂದೇ ಅಕ್ಷರ ತುಟಿಯ ಮೇಲೆ ಮೂಡಿಸಿ ಹೇಳಿದೆ, ತಡಿ ಬಂದೆ ಅಂತೈತ್ರಿ. ಅವರು ನನ್ನ ತುಟಿಗಳನ್ನು ಕೊನೆಯ ತನಕ ಓದಿದರು.

“ಬರೂದಿಲ್ಲ ಅದು” ಅಂದರು.

ಬಗ್ಗಿ, ಟ್ಯಾಂಕಿಯ ಕೆಳಗಿನ ಪೆಟ್ರೋಲ್ ನಳ ತಿರುವಿ ಬಂದ್ ಮಾಡಿದರು. ನಳ ಬಂದ್ ಮಾಡಿದ ಕೂಡಲೇ ಇಂಜಿನ್ನು ನಿಲ್ಲುವುದಿಲ್ಲ. ಕೊಳವೆಯಲ್ಲಿ ಉಳಿದದ್ದನ್ನು ಕುಡಿಯುತ್ತ ಇನ್ನಷ್ಟು ಹೊತ್ತು ಓಡುತ್ತದೆ. ಅದು ಓಡುತ್ತಿತ್ತು. ಗೌಡ್ರು ಕೈಯನ್ನು ಟ್ಯಾಂಕಿಯ ಮೇಲೇ ಇಟ್ಟುಕೊಂಡು ನನ್ನ ಕಡೆ ನೋಡಿದರು.

“ನಿಂತೇನು?”

ಇಲ್ಲ ಎಂದು ತಲೆ ಅಲ್ಲಾಡಿಸಿದೆ.

“ಈಗ?”

ಇಲ್ಲ.

ಅವರು ಮುಖ ಆ ಕಡೆ ತಿರುಗಿಸಿದರು. ಸದ್ದು ಹಗುರಾಯಿತು. ತಡಿ ಬಂದೆ ಅನ್ನುವುದು ತಡವಾಗಿ ತಡವಾಗಿ ಬರತೊಡಗಿತು. ಆಮೇಲೆ ಬಂದೆ ಉದುರಿ ಹೋಯಿತು. ತಡಿ, ಅಂದಿತು. ಇನ್ನೊಮ್ಮೆ ತಡಿ, ಅಂದಿತು. ನಿಂತಿತು. ಬಾಗಿಲಲ್ಲಿದ್ದ ಮಕ್ಕಳೂ ಸುಮ್ಮನಾದವು.

ಗೌಡ್ರ ಕೈ ಟ್ಯಾಂಕಿಯ ಮೇಲೆ ನಡುಗುತ್ತಲೇ ಇತ್ತು. ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ.